ಆಶ್ರಯ ಮತ್ತು ಸ್ತ್ರೀಯ ಸಮ್ಮತಿ: ಸಯನ್ ಕೋಳಿವಾಡವನ್ನು ಕುರಿತು ಒಂದು ಟಿಪ್ಪಣಿ

ಮುಂಬಯಿಯ ಸಯನ್ ಕೋಳಿವಾಡವು ಹೆಸರೇ ಸೂಚಿಸುವಂತೆ ಮೂಲತಃ ಕೋಳಿ ಬೆಸ್ತರ ನೆಲೆ. 1947ರ ದೇಶವಿಭಜನೆಯ ತರುವಾಯ ಪಂಜಾಬ್ ಮತ್ತು ಸಿಂಧ್ ಪ್ರಾಂತಗಳ ನಿರಾಶ್ರಿತರು ಇಲ್ಲಿಗೆ ಬಂದರು. ಗುರು ತೇಗ್ ಬಹಾದುರ್ ನಗರವೆಂಬ ಈಚಿನ ಹೆಸರು ಆ ವಲಸೆಯ ಕುರುಹು. ಸರ್ಕಾರ ಕಟ್ಟಿಸಿದ 25 ಕಟ್ಟಡಗಳಲ್ಲಿ ಸುಮಾರು 1,200 ಕುಟುಂಬಗಳು ನೆಲೆಸಿದ್ದವು. ಇಂತಹ ವಸಾಹತುಗಳ ಚರಿತ್ರೆಯಲ್ಲಿ ಕುಟುಂಬವೇ ಎಣಿಕೆಯ ಘಟಕ. ಅದರೊಳಗಿನ ಸ್ತ್ರೀಯ ಇಚ್ಛೆ ಲೆಕ್ಕಕ್ಕೆ ಸಿಗದು.

ವಿಭಜನೆಯ ಕಾಲದ ಕಾನೂನಿನಲ್ಲಿಯೂ ಇದೇ ಲೋಪವಿತ್ತು. ಪಂಜಾಬ್, ದೆಹಲಿ ಮೊದಲಾದ ಉತ್ತರದ ಪ್ರದೇಶಗಳಿಗೆ ಅನ್ವಯಿಸಿದ 1949ರ ಅಪಹೃತ ವ್ಯಕ್ತಿಗಳ ಅಧಿನಿಯಮವು ಹದಿನಾರು ವರ್ಷದೊಳಗಿನ ಬಾಲಕನನ್ನೂ ಯಾವುದೇ ವಯಸ್ಸಿನ ಸ್ತ್ರೀಯನ್ನೂ ಒಂದೇ ವರ್ಗದಲ್ಲಿರಿಸಿತು. ಹೀಗಾಗಿ ವಯಸ್ಕ ಸ್ತ್ರೀಯನ್ನು ಆಕೆಯ ಒಪ್ಪಿಗೆಯಿಲ್ಲದೆ ಶಿಬಿರಕ್ಕೊಯ್ಯಲು ಅವಕಾಶವಾಯಿತು. 1952ರಲ್ಲಿ ಅಜೈಬ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಅಧಿನಿಯಮವನ್ನು ಎತ್ತಿಹಿಡಿಯಿತು. ರಕ್ಷಣೆಯ ಹೆಸರಿನಲ್ಲಿಯೇ ಹಕ್ಕು ಮೊಟಕಾದುದಕ್ಕೆ ಇದು ಸ್ಪಷ್ಟ ನಿದರ್ಶನ.

ಇದಕ್ಕಿಂತ ಭಿನ್ನವಾದ ಮಾರ್ಗವೂ ಆಗಲೇ ಇತ್ತು. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿ ಸ್ತ್ರೀಯರ ಹಕ್ಕುಗಳಿಗಾಗಿ ದುಡಿದವರು. 1948ರಲ್ಲಿ ಅವರು ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪಿಸಿದರು. ಫರೀದಾಬಾದಿನಲ್ಲಿ ವಾಯವ್ಯ ಸರಹದ್ದು ಪ್ರಾಂತದ ನಿರಾಶ್ರಿತರು ತಮ್ಮ ಊರನ್ನು ತಾವೇ ಕಟ್ಟಿಕೊಳ್ಳಲು ಈ ಸಂಸ್ಥೆ ನೆರವಾಯಿತು. ಅವರ ದೃಷ್ಟಿಯಲ್ಲಿ ನಿರಾಶ್ರಿತರು ದಯೆಗೆ ಪಾತ್ರರಾದವರಲ್ಲ, ಕರ್ತೃಗಳು.

ಹಿಂದಿಯಲ್ಲಿ ನಿರಾಶ್ರಿತರನ್ನು ಸೂಚಿಸುವ ‘ಶರಣಾರ್ಥಿ’ ಪದವು ವಚನಕಾರರ ಕನ್ನಡದಲ್ಲಿ ಗೌರವದ ವಂದನೆ. ಆಶ್ರಯ ಬೇಡುವವರನ್ನು ಗೌರವದಿಂದ ಕಾಣಬೇಕೆಂಬ ಅರಿವಿಗೆ ಈ ಅರ್ಥಾಂತರ ಇಂಬು ನೀಡುತ್ತದೆ. ಸಯನ್‌ನಂತಹ ವಸಾಹತುಗಳಲ್ಲಿ ವಿಭಜನೆಯನ್ನು ಕಣ್ಣಾರೆ ಕಂಡ ವೃದ್ಧೆಯರು ಇಂದು ವಿರಳ. ಅವರ ಮಾತುಗಳನ್ನು ಅವರದೇ ಭಾಷೆಯಲ್ಲಿ, ಅವರ ಒಪ್ಪಿಗೆ ಪಡೆದು ದಾಖಲಿಸುವುದು ಸಂಶೋಧಕರ ತುರ್ತು ಕರ್ತವ್ಯವಾಗಿದೆ.