ಟೆಸ್ಲಾ ಕಾಯಿಲ್: ಹವ್ಯಾಸಿಗಳ ಕಂಪ್ಯೂಟರ್‌ನಲ್ಲಿ ಮೂಡಿದ ಮಿಂಚು

ಟೆಸ್ಲಾ ಕಾಯಿಲ್ ಎಂಬುದು ಅನುರಣನದ ತತ್ತ್ವದಿಂದ ಲಕ್ಷಾಂತರ ವೋಲ್ಟ್‌ಗಳ ವಿದ್ಯುತ್ತನ್ನು ಉಂಟುಮಾಡುವ ಒಂದು ಬಗೆಯ ಟ್ರಾನ್ಸ್‌ಫಾರ್ಮರ್. ಸರ್ಬಿಯನ್ ಮೂಲದ ಅಮೆರಿಕನ್ ವಿಜ್ಞಾನಿ ನಿಕೋಲಾ ಟೆಸ್ಲಾ (1856-1943) ಇದನ್ನು 1891ರಲ್ಲಿ ರೂಪಿಸಿದರು. ತಂತಿಯಿಲ್ಲದೆ ವಿದ್ಯುತ್ ಸಾಗಿಸುವ ಹಂಬಲದಿಂದ 1899ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಅವರು ಇದರ ಬೃಹತ್ ರೂಪವನ್ನೇ ಕಟ್ಟಿದರು. ಆ ಕನಸು ಈಡೇರಲಿಲ್ಲ. ಆದರೆ ಕೃತಕ ಮಿಂಚು ಸಿಡಿಸುವ ಈ ಸಾಧನವನ್ನು ಮನೆಯ ಹಿತ್ತಲಲ್ಲಿ, ಗ್ಯಾರೇಜಿನಲ್ಲಿ ಕಟ್ಟುವ ಹವ್ಯಾಸಿಗಳ ಬಳಗ ಅಮೆರಿಕ ಮತ್ತು ಯುರೋಪುಗಳಲ್ಲಿ ಬೆಳೆಯಿತು. ಸಾಧನದೊಳಗೆ ನಿಜವಾಗಿ ನಡೆಯುವುದೇನು ಎಂಬುದನ್ನು ಕಂಪ್ಯೂಟರ್ ಮಾದರಿಗಳ ಮೂಲಕ ತಿಳಿಯುವ ಕೆಲಸದಲ್ಲೂ ಈ ಬಳಗದ ಪಾಲು ದೊಡ್ಡದು.

ಸಾಧನದ ರಚನೆ ಮೇಲ್ನೋಟಕ್ಕೆ ಸರಳ. ಹೆಚ್ಚಿನ ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್ ಒಂದು ಕೆಪಾಸಿಟರನ್ನು ತುಂಬುತ್ತದೆ. ವೋಲ್ಟೇಜ್ ಮಿತಿ ಮುಟ್ಟಿದಾಗ ಕಿಡಿಯಂತರದಲ್ಲಿ ಕಿಡಿ ಹಾರಿ, ಆ ಶಕ್ತಿ ಕೆಲವೇ ಸುತ್ತುಗಳ ಪ್ರಾಥಮಿಕ ಸುರುಳಿಗೆ ನುಗ್ಗುತ್ತದೆ. ಸಾವಿರದಷ್ಟು ಸುತ್ತುಗಳಿರುವ ದ್ವಿತೀಯಕ ಸುರುಳಿ ಅದೇ ಆವೃತ್ತಿಗೆ ಹೊಂದಿಕೊಂಡಿರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತೂಗಿದಂತೆ ಶಕ್ತಿ ಆವರ್ತದಿಂದ ಆವರ್ತಕ್ಕೆ ಅತ್ತ ಹರಿಯುತ್ತದೆ. ಎರಡು ಸುರುಳಿಗಳ ಜೋಡಣೆಯ ಗುಣಾಂಕ 0.1 ಇದ್ದರೆ ಪೂರ್ಣ ವರ್ಗಾವಣೆಗೆ ಸುಮಾರು ಐದು ಆವರ್ತಗಳು ಬೇಕು. ದ್ವಿತೀಯಕದ ತುದಿಯಲ್ಲಿರುವ, ಬಳೆಯಾಕಾರದ ಲೋಹದ ಟೊರಾಯ್ಡ್‌ನಿಂದ ಕಿಡಿಗಳು ಗಾಳಿಗೆ ಚಾಚುತ್ತವೆ.

ಇದರ ಲೆಕ್ಕಕ್ಕೆ ಹವ್ಯಾಸಿಗಳು ಬಹುಕಾಲ ನೆಚ್ಚಿದ್ದು ಎರಡು ಹಳೆಯ ಆಧಾರಗಳನ್ನು: ಸುರುಳಿಯ ಪ್ರೇರಕತೆಗೆ ವೀಲರ್ 1928ರಲ್ಲಿ ಕೊಟ್ಟ ಸೂತ್ರ, ಸುರುಳಿಯ ಸ್ವಂತ ಧಾರಕತೆಗೆ ಮೆಡ್‌ಹರ್ಸ್ಟ್ 1947ರಲ್ಲಿ ಪ್ರಕಟಿಸಿದ ಅಳತೆಗಳು. ಇವುಗಳ ಜೊತೆಗೇ ಒಂದು ನಂಬಿಕೆಯೂ ಬೇರೂರಿತ್ತು. ದ್ವಿತೀಯಕದ ತಂತಿಯ ಉದ್ದ, ಅಲೆಯುದ್ದದ ಸರಿಯಾಗಿ ಕಾಲುಭಾಗ ಇರಲೇಬೇಕು ಎಂಬುದೇ ಅದು. 10 ಸೆಂಟಿಮೀಟರ್ ವ್ಯಾಸ, 50 ಸೆಂಟಿಮೀಟರ್ ಎತ್ತರ, 1,000 ಸುತ್ತುಗಳ ಸುರುಳಿಯನ್ನು ತೆಗೆದುಕೊಳ್ಳಬಹುದು. ತಂತಿಯ ಉದ್ದ ಸುಮಾರು 314 ಮೀಟರ್. ಕಾಲು ಅಲೆಯ ಲೆಕ್ಕದಂತೆ ಅದು ಸುಮಾರು 239 ಕಿಲೋಹರ್ಟ್ಸ್‌ನಲ್ಲಿ ಅನುರಣಿಸಬೇಕು. ವೀಲರ್ ಮತ್ತು ಮೆಡ್‌ಹರ್ಸ್ಟ್ ಆಧಾರದಲ್ಲಿ ಲೆಕ್ಕ ಹಾಕಿದರೆ ಬರುವುದು ಸುಮಾರು 415 ಕಿಲೋಹರ್ಟ್ಸ್! ಮೇಲೆ 12 ಪಿಕೋಫ್ಯಾರಡ್ ಧಾರಕತೆಯ ಟೊರಾಯ್ಡ್ ಕೂರಿಸಿದರೆ ಅದು 265ರ ಆಸುಪಾಸಿಗೆ ಇಳಿಯುತ್ತದೆ. ತಂತಿ ಮಾತ್ರ ಒಂದಿಂಚೂ ಬದಲಾಗಿರುವುದಿಲ್ಲ. ಆದರೂ ಆ ನಂಬಿಕೆ ಸುಲಭವಾಗಿ ಅಳಿಯಲಿಲ್ಲ. ಸುರುಳಿಯನ್ನು ಒಂದು ಪ್ರೇರಕ, ಒಂದು ಕೆಪಾಸಿಟರ್ ಎಂದು ಕಾಣುವವರಿಗೂ, ಅಲೆ ಸಾಗುವ ಮಾರ್ಗವೆಂದು ಕಾಣುವವರಿಗೂ ವಾದ ನಡೆದೇ ಇತ್ತು.

2000ದ ಸುಮಾರಿಗೆ ಆರಂಭವಾದ 'ಟೆಸ್ಲಾ ಸೆಕೆಂಡರಿ ಸಿಮ್ಯುಲೇಶನ್ ಪ್ರಾಜೆಕ್ಟ್' ಈ ವಾದವನ್ನು ಅಳತೆಯ ಒರೆಗಲ್ಲಿಗೆ ಹಚ್ಚಿತು. ಸುರುಳಿಯನ್ನು ನೂರಾರು ತುಂಡುಗಳಾಗಿ ವಿಭಾಗಿಸಿ, ಪ್ರತಿ ತುಂಡಿಗೂ ಉಳಿದೆಲ್ಲ ತುಂಡುಗಳೊಡನೆ ಇರುವ ಪ್ರೇರಕತೆ ಮತ್ತು ಧಾರಕತೆಯ ಸಂಬಂಧವನ್ನು ಲೆಕ್ಕ ಹಾಕುವುದು ಅದರ ವಿಧಾನ. ಬೇರೆಬೇರೆ ದೇಶಗಳ ಹವ್ಯಾಸಿಗಳು ತಮ್ಮ ಸುರುಳಿಗಳ ಆಯಾಮ ಮತ್ತು ಅಳೆದ ಆವೃತ್ತಿಗಳನ್ನು ಒದಗಿಸಿದರು. ಮಾದರಿ ಹೇಳಿದ ಅಂಕಿಗಳನ್ನು ಅವುಗಳೊಡನೆ ಹೋಲಿಸಲಾಯಿತು. ಯೋಜನೆಯ ನಿಜವಾದ ಬೆಲೆ ಇರುವುದು ಈ ಹೋಲಿಕೆಯಲ್ಲಿಯೇ. ಸುರುಳಿಯುದ್ದಕ್ಕೂ ಪ್ರವಾಹ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಮೀಟರಿನಲ್ಲಿ ಅಳೆದ ಪ್ರೇರಕತೆ ಅನುರಣನದ ವೇಳೆಯ ಪ್ರೇರಕತೆಗೆ ಸಮನಲ್ಲ ಎಂಬುದು ಸ್ಪಷ್ಟವಾಯಿತು. ಮೇಲಿನ ಅನುರಣನ ಆವೃತ್ತಿಗಳು ಮೂಲದ ಮೂರು, ಐದು ಪಟ್ಟು ಇರಬೇಕೆಂಬ ನಿರೀಕ್ಷೆಯೂ ಹುಸಿಯಾಯಿತು. ಎರಡೂ ಪಕ್ಷಗಳ ಬಳಿ ಅರ್ಧ ಸತ್ಯವಿತ್ತೆನ್ನಬೇಕು. ಇದೇ ಲೆಕ್ಕಾಚಾರದ ವಿಧಾನ ಮುಂದೆ 'ಜಾವಾಟಿಸಿ' ಎಂಬ ಉಚಿತ ವಿನ್ಯಾಸ ತಂತ್ರಾಂಶಕ್ಕೆ ಆಧಾರವಾಯಿತು.

ಮಾದರಿಗಳಿಂದ ಹವ್ಯಾಸಿಗಳ ಜೇಬಿಗೂ ಉಪಕಾರವಾಗಿದೆ. ನಿಯಾನ್ ಫಲಕಗಳ 15,000 ವೋಲ್ಟ್, 60 ಮಿಲಿಆಂಪಿಯರ್ ಟ್ರಾನ್ಸ್‌ಫಾರ್ಮರ್ ಅವರಿಗೆ ಅಚ್ಚುಮೆಚ್ಚು. ಅದರ ಆಂತರಿಕ ಪ್ರತಿರೋಧಕ್ಕೆ ಸರಿಹೊಂದುವ ಕೆಪಾಸಿಟರ್ ಹಾಕಬೇಕೆಂಬುದು ಹಳೆಯ ಸಲಹೆ. ನಮ್ಮ ದೇಶದಂತೆ 50 ಹರ್ಟ್ಸ್ ಪೂರೈಕೆ ಇರುವಲ್ಲಿ ಅದು ಸುಮಾರು 12.7 ನ್ಯಾನೋಫ್ಯಾರಡ್, ಅಮೆರಿಕದ 60 ಹರ್ಟ್ಸ್‌ಗೆ ಸುಮಾರು 10.6. ಆದರೆ ಹೀಗೆ ಹೊಂದಿಸಿದಾಗ ಪೂರೈಕೆಯ ಆವೃತ್ತಿಯಲ್ಲೇ ಅನುರಣನ ಏರ್ಪಡುತ್ತದೆ. ಕಿಡಿಯಂತರ ಅಗಲವಾಗಿ ಕಿಡಿ ಹಾರದಿದ್ದರೆ ವೋಲ್ಟೇಜ್ ನಿಗದಿಗಿಂತ ಹಲವು ಪಟ್ಟು ಏರಿ ಟ್ರಾನ್ಸ್‌ಫಾರ್ಮರಿನ ನಿರೋಧಕ ಹೊದಿಕೆಯೇ ಸೀಳುತ್ತದೆ. ಮಂಡಲಗಳ ಸಿಮ್ಯುಲೇಶನ್‌ಗೆಂದು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಹುಟ್ಟಿದ 'ಸ್ಪೈಸ್' ವರ್ಗದ ತಂತ್ರಾಂಶಗಳಲ್ಲಿ ಈ ಏರಿಕೆಯನ್ನು ಏನನ್ನೂ ಸುಡದೆ ನೋಡಬಹುದು. ಸ್ಥಿರ ಕಿಡಿಯಂತರಕ್ಕೆ ಸುಮಾರು ಒಂದೂವರೆ ಪಟ್ಟು ದೊಡ್ಡ ಕೆಪಾಸಿಟರ್ ಬಳಸುವ ರೂಢಿ ಹೀಗೆ ಬಲಗೊಂಡಿತು.

ಇಷ್ಟಾದರೂ ಕಿಡಿ ಮಾತ್ರ ಲೆಕ್ಕಕ್ಕೆ ಪೂರ್ಣವಾಗಿ ಸಿಕ್ಕಿಲ್ಲ. ಅದು ಬೆಳೆದಂತೆ ಅದರ ಧಾರಕತೆ ಹೆಚ್ಚಿ, ಅನುರಣನದ ಆವೃತ್ತಿಯೇ ಕೆಳಗೆ ಸರಿಯುತ್ತದೆ. ಕಿಡಿಯ ಪ್ರತಿ ಅಡಿಗೆ ಒಂದು ಪಿಕೋಫ್ಯಾರಡ್, ಅದರೊಡನೆ ಸರಣಿಯಲ್ಲಿ 2,20,000 ಓಮ್ ರೋಧ ಎಂಬುದು ಹವ್ಯಾಸಿಗಳ ಒರಟು ಲೆಕ್ಕ. ಕಿಡಿಯ ಉದ್ದಕ್ಕೆ ಇನ್ನೊಂದು: ವ್ಯಾಟ್‌ಗಳ ವರ್ಗಮೂಲವನ್ನು 1.7ರಿಂದ ಗುಣಿಸಿದರೆ ಇಂಚುಗಳು. 1,000 ವ್ಯಾಟ್‌ಗೆ ಸುಮಾರು 54 ಇಂಚು. ಇವು ಅನುಭವದ ಸೂತ್ರಗಳೇ ಹೊರತು ಭೌತಶಾಸ್ತ್ರದ ನಿಯಮಗಳಲ್ಲ.

ಕಂಪ್ಯೂಟರ್ ತೆರೆಯ ಮೇಲಿನ ಟ್ರಾನ್ಸ್‌ಫಾರ್ಮರ್ ಯಾರನ್ನೂ ಕೊಲ್ಲುವುದಿಲ್ಲ. ಮೇಜಿನ ಮೇಲಿನದು ಕೊಲ್ಲಬಲ್ಲದು. ಅಧಿಕ ಆವೃತ್ತಿಯ ಪ್ರವಾಹ ಚರ್ಮದ ಮೇಲಷ್ಟೇ ಹರಿದುಹೋಗುತ್ತದೆ ಎಂಬ ಮಾತು ಮಾನವ ದೇಹದ ವಿಷಯದಲ್ಲಿ ತಪ್ಪು. ಪ್ರಾಥಮಿಕ ಮಂಡಲದಲ್ಲಿರುವುದಂತೂ ಪೂರೈಕೆಯ ಆವೃತ್ತಿಯದೇ ಮಾರಕ ವಿದ್ಯುತ್. ಪೂರೈಕೆ ಕಡಿದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುದಂಶ ಉಳಿದಿರುತ್ತದೆ. ಆದಕಾರಣ ಅದರ ಅಡ್ಡಲಾಗಿ ವಿಸರ್ಜನ ರೋಧಕವನ್ನು ಜೋಡಿಸುವುದು ಹವ್ಯಾಸಿಗಳಲ್ಲಿ ಕಡ್ಡಾಯವೆಂದೇ ಎಣಿಕೆ.