ವಾತಾಪಿಯ ಕಣಿವೆಯ ಮೇಲಿನಿಂದ

ಬಾದಾಮಿಗೆ ಹೋದವರು ಸಾಮಾನ್ಯವಾಗಿ ದಕ್ಷಿಣದ ಗುಡ್ಡದ ನಾಲ್ಕು ಗುಹೆಗಳನ್ನು ನೋಡಿ, ಹದಿನೆಂಟು ಕೈಗಳ ನಟರಾಜನಿಗೆ ಕೈಮುಗಿದು, ಪಟ್ಟದಕಲ್ಲಿಗೆ ಹೊರಟುಬಿಡುವರು. ವಡಾಲದಿಂದ ಹೋದ ನಾವೂ ಮೊದಲನೆಯ ಸಲ ಹಾಗೆಯೇ ಮಾಡಿದೆವು. ಎರಡನೆಯ ಸಲ ಮಾತ್ರ ಅಗಸ್ತ್ಯತೀರ್ಥದ ಈಚೆ ದಂಡೆಯಲ್ಲಿರುವ ವಸ್ತುಸಂಗ್ರಹಾಲಯದ ಮಗ್ಗುಲಿನಿಂದ ಉತ್ತರದ ಕೋಟೆಯನ್ನು ಹತ್ತಿದೆವು. ಬಾದಾಮಿಯ ಚರಿತ್ರೆಯನ್ನು ಈ ದಾರಿಯಿಂದಲೇ ಓದತೊಡಗಬೇಕೆಂದು ಈಗ ನಮಗೆ ತೋರುತ್ತದೆ.

ಈ ದಾರಿ ಬೆಟ್ಟದ ಮೈಮೇಲಲ್ಲ, ಬೆಟ್ಟದ ಒಳಗೇ ಸಾಗುತ್ತದೆ. ಎರಡೂ ಕಡೆ ಕೆಂಬಂಡೆ ಗೋಡೆಯಂತೆ ನೆಟ್ಟಗೆ ನಿಂತಿದೆ. ನಡುವೆ ಇಕ್ಕಟ್ಟಾದ ಸಂದು, ಮೇಲೆ ಒಂದು ಪಟ್ಟಿಯಷ್ಟೇ ಆಕಾಶ. ಬಂಡೆಯ ಪದರಗಳು ನಮ್ಮ ಬ್ಯಾಂಕಿನ ಹಳೆಯ ಲೆಡ್ಜರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತವೆ. ಜತೆಗಿದ್ದ ಹುಡುಗನೊಬ್ಬ ಗೋಡೆಗೆ ಅಂಗೈಯುಜ್ಜಿ ತೋರಿಸಿದ. ಕೈಗೆ ಕೆಂಪು ಮರಳು ಮೆತ್ತಿಕೊಂಡಿತ್ತು.

ಮುಂಬಯಿಯಲ್ಲಿ ಬೆಳೆದ ಮಕ್ಕಳಿಗೆ ಇದು ಹೊಸತು. ಘಾರಾಪುರಿ, ಕಾನ್ಹೇರಿಗಳ ಕಲ್ಲು ಕಪ್ಪು. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಗಟ್ಟಿಯಾದದ್ದು. ಬಾದಾಮಿಯದು ಅದಕ್ಕಿಂತ ಎಷ್ಟೋ ಪಾಲು ಹಳೆಯದಾದ, ನೀರು ತಂದು ಹಾಸಿದ ಮರಳು. ಕಬ್ಬಿಣದ ಅಂಶದಿಂದ ಅದಕ್ಕೆ ಕೆಂಪು ಬಂದಿದೆ. ಹೀಗೆ ಹಾಸಿದ ಪದರಗಳು ಅಡ್ಡಲಾಗಿಯೇ ಉಳಿದವು. ಮುಂದೆ ಅವುಗಳಲ್ಲಿ ಉದ್ದುದ್ದ ಬಿರುಕುಗಳು ಬಿಟ್ಟವು. ಮಳೆನೀರು ಆ ಬಿರುಕುಗಳಲ್ಲಿಳಿದು ಕೊರೆಯುತ್ತ ಬಂದು, ಬೆಟ್ಟವನ್ನು ಕಂಬಗಳಾಗಿ, ಗೋಡೆಗಳಾಗಿ, ಓಣಿಗಳಾಗಿ ಸೀಳಿತು. ಮೆತ್ತನೆಯ ಪದರ ಬೇಗ ಸವೆದು ಒಳಸರಿಯಿತು, ಗಟ್ಟಿ ಪದರ ಸೂರಿನಂತೆ ಮುಂದೆ ಚಾಚಿಕೊಂಡಿತು.

ಒಂದನೆಯ ಪುಲಕೇಶಿ ಕಂಡದ್ದು ಇದನ್ನೇ. ಶಕ 465ರಲ್ಲಿ, ಎಂದರೆ ಕ್ರಿ. ಶ. 543ರಲ್ಲಿ, ಇದೇ ಉತ್ತರದ ಬೆಟ್ಟದ ಬಂಡೆಯ ಮೇಲೆ ಆತ ಶಾಸನ ಬರೆಸಿದ. ವಾತಾಪಿಯ ಗಿರಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಶತ್ರುವಿಗೆ ದುರ್ಗಮವಾದ ಕೋಟೆಯನ್ನಾಗಿ ಮಾಡಿದೆನೆಂಬುದು ಅದರ ತಾತ್ಪರ್ಯ. ಅರ್ಧ ಕೆಲಸವನ್ನು ಮಳೆ ಮೊದಲೇ ಮುಗಿಸಿತ್ತೆಂದರೆ ಅರಸನಿಗೇನೂ ಅಗೌರವವಾಗದು. ಸಂದಿನ ಬಾಯಿಗೆ ಒಂದು ಬಾಗಿಲಿಟ್ಟರೆ ಕೋಟೆಯಾಯಿತು. ಕಣಿವೆಯ ಬಾಯಿಗೆ ಕಟ್ಟೆ ಹಾಕಿದರೆ ಕೆರೆಯಾಯಿತು. ಬಂಡೆ ಉಳಿಗೆ ಒಗ್ಗುವಂಥದಾದ್ದರಿಂದ ಗುಹೆಗಳೂ ಆದವು. ಮಂಗಳೇಶನು 578ರಲ್ಲಿ ಮೂರನೆಯ ಗುಹೆಯನ್ನು ಮುಗಿಸಿದ.

ನೆತ್ತಿಗೆ ಬಂದು ಮೇಲಣ ಶಿವಾಲಯದ ಹತ್ತಿರ ನಿಂತೆವು. ಕಾಲ ಕೆಳಗೆ ಹಸುರು ನೀರು, ಎದುರಿಗೆ ಗುಹೆಗಳ ಕೆಂಪು ಗೋಡೆ, ಮೂಡಣ ತುದಿಯಲ್ಲಿ ಭೂತನಾಥನ ಗುಡಿ. ಇಲ್ಲಿಂದ ನೋಡಿದವರಿಗೆ ಈ ಊರನ್ನು ಯಾರೂ ಗೆಲ್ಲಲಾರರೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿಯ ರಾಜಧಾನಿ 642ರಲ್ಲಿ ಪಲ್ಲವ ನರಸಿಂಹವರ್ಮನ ಕೈಸೇರಿತು. ಅವನೂ ಕೆರೆಯ ಉತ್ತರ ದಂಡೆಯ ಬಂಡೆಯ ಮೇಲೆಯೇ ತನ್ನ ಶಾಸನ ಬರೆಸಿದ. ಬಂಡೆ ಯಾರ ಪಕ್ಷವನ್ನೂ ವಹಿಸಲಿಲ್ಲ. ಸುಮಾರು 655ರಲ್ಲಿ ಒಂದನೆಯ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದ. ತರುವಾಯ, ಸುಮಾರು 700ರಲ್ಲಿ, ತಟ್ಟುಕೋಟೆಯ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ವೀರನ ಶಾಸನ ಮೂಡಿತು. ನಮಗೆ ತಿಳಿದ ಅತಿ ಹಳೆಯ ಕನ್ನಡ ತ್ರಿಪದಿಗಳು ಅದರಲ್ಲಿವೆ. ಅರಸರ ಶಾಸನಗಳಿಗಿಂತ ಅದರ ಮೇಲೆಯೇ ನಮಗೆ ಹೆಚ್ಚು ಮಮತೆ.

ಕಣಿವೆಯನ್ನು ಕೊರೆದ ನೀರೇ ಈ ಅಕ್ಷರಗಳನ್ನೂ ಸವೆಸುತ್ತದೆಯಷ್ಟೆ. ಪಲ್ಲವನ ಸಾಲುಗಳು ಬಹಳಷ್ಟು ಅಳಿಸಿವೆ. ಹುಡುಗನ ಅಂಗೈಯ ಮರಳನ್ನು ನೆನೆದು, ಮಕ್ಕಳು ಬಂಡೆ ಮುಟ್ಟುವುದನ್ನು ನಾವು ಅಂದೇ ಬಿಡಿಸಿದೆವು. ಬಂಡೆಗಳ ಮೇಲೆ ಹೆಸರು ಕೊರೆದು ಹೋದ ಪ್ರವಾಸಿಕರಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲವೇನೋ!

ಇನ್ನೊಂದು ಮಾತು. 1956ರ ನವೆಂಬರ್ 1ರವರೆಗೆ ಬಾದಾಮಿ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಚಾಲುಕ್ಯರ ಊರಿನ ಕಾಗದಪತ್ರಗಳು ನಾವು ದಿನವೂ ದಾಟುವ ಕೋಟೆ ಪ್ರದೇಶದ ಕಚೇರಿಗಳಿಗೇ ಬರುತ್ತಿದ್ದವು. ಈಗ ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ.

ಹೋಗುವವರು ಸೊಲ್ಲಾಪುರದ ಮೇಲಿಂದ ಗದಗಿನ ಕಡೆಗೆ ಹೋಗುವ ಗಾಡಿ ಹಿಡಿಯಬೇಕು. ಸ್ಟೇಷನ್ನಿನಿಂದ ಊರಿಗೆ ಸುಮಾರು ಮೂರು ಮೈಲು. ಮಳೆಗಾಲದಲ್ಲಾದರೆ ಅಕ್ಕ-ತಂಗಿಯರ ಧಾರೆಗಳು ಬಂಡೆಯಿಂದ ಧುಮುಕುತ್ತಿರುತ್ತವೆ. ಆದರೆ ಮೆಟ್ಟಿಲುಗಳು ಜಾರುತ್ತವೆ, ವೃದ್ಧರನ್ನು ಕರೆದೊಯ್ಯುವವರು ದಸರೆಯ ನಂತರ ಹೋಗುವುದು ಲೇಸು.