ಸುರುಳಿಯಲ್ಲಿ ಕರಗುವ ದನಿ

ರಸಾಯನಶಾಸ್ತ್ರದವರಿಗೆ ರೇಡಿಯೋ ಚರಿತ್ರೆಯಲ್ಲೇನು ಕೆಲಸ ಎಂದು ಜುಬೈಲಿನ ಯುಗಾದಿ ಕೂಟದಲ್ಲಿ ಹಿರಿಯರೊಬ್ಬರು ಕೇಳಿದರು. ಒಬ್ಬಟ್ಟು ತಿನ್ನುವ ಹೊತ್ತಿನಲ್ಲಿ ಮುಗಿಯುವ ಉತ್ತರವಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅದೇ ಮುಂದೆ 'ಆಕಾಶವಾಣಿ' ಎಂಬ ಹೆಸರು ಪಡೆಯಿತು. ಮೊದಲ ಪ್ರೇಷಕದ ಶಕ್ತಿ 30 ವಾಟ್, ಹಳೆಯ ಕಾಲದ ಒಂದು ಸಣ್ಣ ಬಲ್ಬಿನಷ್ಟು! ಅಷ್ಟು ಕ್ಷೀಣವಾದ ದನಿಯನ್ನು ಮಿಕ್ಕ ನಿಲಯಗಳ ಗದ್ದಲದಿಂದ ಬೇರ್ಪಡಿಸುವ ಹೊಣೆ ಕೇಳುಗನ ರೇಡಿಯೋದ್ದು. ಅದರೊಳಗೆ ಈ ಕೆಲಸ ಮಾಡುವುದು ತಂತಿಯ ಸುರುಳಿ ಮತ್ತು ಕೆಪಾಸಿಟರುಗಳ ಜೋಡಿ. ಬೇಕಾದ ಪಟ್ಟಿಯನ್ನಷ್ಟೇ ಒಳಬಿಡುವ ಶೋಧಕವಿದು.

ಕೆಪಾಸಿಟರು ಹೆಚ್ಚು ನಷ್ಟ ಮಾಡುವುದಿಲ್ಲ. ಕಳ್ಳತನವೆಲ್ಲ ಸುರುಳಿಯದು. ಸುರುಳಿಯ ಪ್ರತಿಘಾತವನ್ನು ಅದರ ರೋಧದಿಂದ ಭಾಗಿಸಿದರೆ ಬರುವ ಅಂಕಿಗೆ ವೆಸ್ಟರ್ನ್ ಎಲೆಕ್ಟ್ರಿಕ್‌ನ ಕೆ. ಎಸ್. ಜಾನ್ಸನ್ 'ಕ್ಯೂ' ಎಂಬ ಅಕ್ಷರವನ್ನಿಟ್ಟರು. ಒಂದು ಲೆಕ್ಕ ನೋಡೋಣ. 1000 ಕಿಲೋಹರ್ಟ್ಸ್ ಬಳಿ 10 ಕಿಲೋಹರ್ಟ್ಸ್ ಅಗಲದ ಬಾಗಿಲು ಬೇಕೆಂದರೆ ಇಡೀ ಮಂಡಲದ ಕ್ಯೂ 100 ಇರಬೇಕು. ಸುರುಳಿಯ ಸ್ವಂತ ಕ್ಯೂ 200 ಆಗಿದ್ದರೆ ಶಕ್ತಿಯ ಕಾಲುಭಾಗ ಮಾತ್ರ ದಾಟುತ್ತದೆ. 400 ಆಗಿದ್ದರೆ ಅರ್ಧಕ್ಕಿಂತ ಹೆಚ್ಚು. 100ಕ್ಕೇ ಇಳಿದರೆ ಏನೂ ದಾಟದು.

ಈ ರೋಧ ಬರುವುದೆಲ್ಲಿಂದ? 1 ಮೆಗಾಹರ್ಟ್ಸ್‌ನಲ್ಲಿ ವಿದ್ಯುತ್ತು ತಾಮ್ರದ ಹೊರಮೈಯ ಸುಮಾರು 0.066 ಮಿಲಿಮೀಟರಿನಲ್ಲೇ ಹರಿಯುತ್ತದೆ. ಒಳಗಿನ ತಾಮ್ರ ದಂಡ. ಅದಕ್ಕಾಗಿಯೇ ಕೂದಲೆಳೆಯಂಥ, ಒಂದಕ್ಕೊಂದು ತಾಗದಂತೆ ಲೇಪಿಸಿದ ಹಲವು ತಂತಿಗಳನ್ನು ಹೊಸೆದು 'ಲಿಟ್ಜ್' ತಂತಿ ಮಾಡಿದರು. ಸುತ್ತು ಕಡಿಮೆ ಮಾಡಲು ನಡುವೆ ಕಬ್ಬಿಣವಿಟ್ಟರೆ ಅದರಲ್ಲೇ ಸುಳಿವಿದ್ಯುತ್ತು ಹುಟ್ಟಿ ಬಿಸಿಯಾಗುತ್ತಿತ್ತು. ಕಬ್ಬಿಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಅಚ್ಚು ಹಾಕಿದರು, ಅರ್ಧ ಗೆದ್ದರು.

ಉಳಿದರ್ಧ ರಸಾಯನಶಾಸ್ತ್ರದವರ ಪಾಲು. 1930ರಲ್ಲಿ ಟೋಕಿಯೋದಲ್ಲಿ ಕಾಟೋ ಮತ್ತು ಟಾಕೇಯಿ ಫೆರೈಟ್ ಕಂಡುಹಿಡಿದರು. ಹಾಲೆಂಡಿನ ಫಿಲಿಪ್ಸ್‌ನಲ್ಲಿ ಸ್ನೋಕ್ 1940ರ ದಶಕದಲ್ಲಿ ಅದನ್ನು ರೇಡಿಯೋಗೆ ಹದಗೊಳಿಸಿದರು. ಕಬ್ಬಿಣದ ಆಕ್ಸೈಡಿಗೆ ಮ್ಯಾಂಗನೀಸ್, ನಿಕ್ಕೆಲ್, ಸತುವಿನ ಆಕ್ಸೈಡುಗಳನ್ನು ಬೆರೆಸಿ ಕುಂಬಾರನಂತೆ ಸುಟ್ಟ ಮಡಕೆಯಿದು! ಅಯಸ್ಕಾಂತಕ್ಕೆ ಒಲಿಯುತ್ತದೆ, ವಿದ್ಯುತ್ತಿಗೆ ಮಾತ್ರ ಕಬ್ಬಿಣಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು ಅಡ್ಡಿ.

ನಮ್ಮ ತಂದೆಯವರ ಹಳೆಯ ರೇಡಿಯೋವನ್ನು ಇಲ್ಲಿಗೆ ತಂದಿದ್ದೆವು. ಕಡಲ ಕರೆಯ ತೇವದಲ್ಲಿ ಸುರುಳಿ ಹಸಿರುಗಟ್ಟಿತು. ಪಿಎಚ್.ಡಿ.ಯ ಧೈರ್ಯದಿಂದ ಸಿಕ್ಕ ತೆಳು ತಂತಿಯನ್ನೇ ಸುತ್ತಿದೆವು. ನಿಲಯಗಳು ಒಂದರ ಮೇಲೊಂದು ಬಿದ್ದವು. ಮೈಸೂರಿನ ಮುದುಕ ಮೆಕ್ಯಾನಿಕರೊಬ್ಬರು ಫೋನಿನಲ್ಲಿ, "ಸ್ವಾಮಿ, ಹೊಸೆದ ತಂತಿ ಹಾಕಿ, ಒಣಗಿಸಿ ಮೇಣ ಕೊಡಿ" ಎಂದರು. ಹಾಗೆಯೇ ಮಾಡಿದೆವು, ನಿಲಯಗಳು ಬೇರ್ಪಟ್ಟವು.

ಇಂದಿನ ಮೊಬೈಲಿನಲ್ಲಿ ಈ ಕೆಲಸಕ್ಕೆ ನಡುಗುವ ಹರಳುಗಳಿವೆ. ಅಷ್ಟು ಚಿಕ್ಕ ಸುರುಳಿಯಿಂದ ಅಷ್ಟು ಕ್ಯೂ ಬರದು. ಆದರೆ 1935ರ ಕೇಳುಗನಿಗೆ ಫೆರೈಟೂ ಇರಲಿಲ್ಲ, ಹರಳೂ ಇರಲಿಲ್ಲ. 30 ವಾಟಿನ ಕನ್ನಡ ಅವನ ಕಿವಿ ಮುಟ್ಟಿದ್ದರಲ್ಲಿ ಪ್ರಾಧ್ಯಾಪಕರ ಜೊತೆಗೆ, ಒಳ್ಳೆಯ ಸುರುಳಿ ಸುತ್ತಿದ ಯಾವುದೋ ಕೈಗೂ ಪಾಲಿದೆ. ಹಿರಿಯರ ಪ್ರಶ್ನೆಗೆ ಇದೇ ನಮ್ಮ ಉತ್ತರ.